ಪದ್ಯ ಹೇಳುವ ಭಾಗವತರು

ಸಿದ್ದಾಪುರ ತಾಲ್ಲೂಕಿನ ಬಿಳಗಿ ಕಡೆ ರಾತ್ರಿಯ ಯಕ್ಷಗಾನದ ಆಟದ ವಿಮರ್ಶೆ ಮರುದಿನ ಜಗಲಿಯ ಮೇಲೆ, ಚಹಾ ಲೋಟದ ಜೊತೆ ನಡೆಯುತ್ತದೆ. ಅಲ್ಲಿ ಭಾಗವತರು ‘ಹಾಡಿದರು’ ಎಂಬ ಮಾತು ಬರುವುದು ಕಡಿಮೆ. ‘ಪದ್ಯ ರಾಶಿ ಚೊಲೋ ಹೇಳಿದ್ರು’ ಎನ್ನುತ್ತಾರೆ. ಇದು ಬರೀ ರೂಢಿಯ ಮಾತಲ್ಲ, ಒಂದು ಅಳತೆಗೋಲು. ರಾಗ ಎಷ್ಟು ಚಂದ ಬಂತು ಎಂಬುದು ಆಮೇಲಿನ ಪ್ರಶ್ನೆ. ಕೌರವ ಏನೆಂದ, ಯಾಕೆಂದ ಎಂಬುದು ಕೊನೆಯ ಸಾಲಿನಲ್ಲಿ ಕೂತವನಿಗೂ ಮುಟ್ಟಿತೇ ಎಂಬುದು ಮೊದಲಿನದು.

ಈ ಅಳತೆಗೋಲಿಗೆ ಸರಿಯಾಗಿ ಒಗ್ಗಿದ ಹೆಸರು ನೆಬ್ಬೂರು ನಾರಾಯಣ ಭಾಗವತರದು. 2019ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ಯಕ್ಷಗಾನದ ಬಡಗುತಿಟ್ಟು ಶೈಲಿಯ ಒಂದು ತಲೆಮಾರಿನ ಕಂಠ ನಿಂತಿತು.

ಊರು ಘಟ್ಟದ ಮೇಲೆ, ಶಿರಸಿ ತಾಲ್ಲೂಕಿನಲ್ಲಿ. ಮೇಳ ಘಟ್ಟದ ಕೆಳಗೆ, ಹೊನ್ನಾವರದ ಗುಣವಂತೆಯಲ್ಲಿ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯಲ್ಲಿ ನೆಬ್ಬೂರರು ದಶಕಗಳ ಕಾಲ ತಾಳ ಹಿಡಿದು ಕೂತರು. ಅವರ ಎದುರು ಕುಣಿದವರ ಸಾಲು ನೋಡಿದರೆ ಕೆಲಸದ ಕಷ್ಟ ತಿಳಿಯುತ್ತದೆ. ಶಿವರಾಮ ಹೆಗಡೆಯವರದು ಘನಗಾಂಭೀರ್ಯದ ನಡೆ. ಮಹಾಬಲ ಹೆಗಡೆಯವರು ಹಿಂದುಸ್ತಾನಿ ಸಂಗೀತ ಕಲಿತವರು, ಸ್ವತಃ ಹಾಡಬಲ್ಲವರು. ಭಾಗವತರ ಸ್ವರ ಎಳೆಯಷ್ಟು ಸರಿದರೂ ಅವರ ಕಿವಿಗೆ ಗೊತ್ತಾಗುತ್ತಿತ್ತು. ಶಂಭು ಹೆಗಡೆಯವರು ಮಾಯಾ ರಾವ್ ಅವರ ಬಳಿ ನೃತ್ಯ ಸಂಯೋಜನೆ ಓದಿ ಬಂದು, ಪಾತ್ರವನ್ನು ಒಳಗಿನಿಂದ ಬಿಡಿಸುತ್ತ ಹೋದವರು. ಆಮೇಲೆ ಶಂಭು ಹೆಗಡೆಯವರ ಮಗ ಶಿವಾನಂದ ಹೆಗಡೆ. ಮೂರು ತಲೆಮಾರು, ನಾಲ್ಕು ಬಗೆಯ ಕುಣಿತ. ಪ್ರಸಂಗ ಪುಸ್ತಕದಲ್ಲಿ ಪದ್ಯ ಮಾತ್ರ ಒಂದೇ.

ಭಾಗವತರ ಹೊರೆ ಎಷ್ಟೆಂದು ತಿಳಿಯಲು ಪಶ್ಚಿಮದ ಒಪೆರಾ ನೋಡಿ. ಅಲ್ಲಿ ಗಂಡಸಿನ ಕಂಠವನ್ನು ಸ್ಥೂಲವಾಗಿ ಮೂರು ಪಾಲು ಮಾಡುತ್ತಾರೆ. ಮೇಲಿನದು ಟೆನರ್, ಕೆಳಗಿನದು ಬಾಸ್, ನಡುವಿನದು ಬ್ಯಾರಿಟೋನ್. ಪ್ರೇಮಿಯ ಪಾತ್ರ ಹೆಚ್ಚಾಗಿ ಟೆನರ್‌ಗೆ ಹೋಗುತ್ತದೆ. ಅಪ್ಪ, ಗೆಳೆಯ, ಎದುರಾಳಿ, ಬಣ್ಣಗೆಟ್ಟ ರಾಜ ಇವೆಲ್ಲ ಬ್ಯಾರಿಟೋನ್ ಪಾಲಿಗೆ. ನಮ್ಮಲ್ಲಿ ಹಾಗೆ ಹಂಚುವಂತಿಲ್ಲ. ಕೃಷ್ಣ, ಕೌರವ, ದ್ರೌಪದಿ ಎಲ್ಲರ ಪದ್ಯವೂ ಒಬ್ಬರ ಗಂಟಲಿನಿಂದಲೇ ಬರಬೇಕು. ಒಪೆರಾದಲ್ಲಿ ವಾದ್ಯವೃಂದ ನಡೆಸಲು ಕೋಲು ಹಿಡಿದವನು ಬೇರೆ ಇರುತ್ತಾನೆ. ಇಲ್ಲಿ ತಾಳ ಹಾಕಿ ಮದ್ದಳೆ, ಚಂಡೆ, ವೇಷ ಮೂರನ್ನೂ ನಡೆಸುವವರೂ ಭಾಗವತರೇ. ‘ಭಾಗವತನೇ ಮೊದಲ ವೇಷಧಾರಿ’ ಎಂಬ ಚೌಕಿಯ ಮಾತು ಹುಟ್ಟಿದ್ದು ಹೀಗೆ.

ಶ್ರುತಿಯ ವಿಷಯಕ್ಕೆ ಬಂದರೆ, ಮೈಕ್ ಇಲ್ಲದ ಕಾಲದಲ್ಲಿ ಗದ್ದೆ ಬಯಲಿನಲ್ಲಿ ಚಂಡೆಯನ್ನು ಮೀರಿ ಮಾತು ದಾಟಿಸಲು ಭಾಗವತರು ಏರು ಶ್ರುತಿಯನ್ನೇ ನೆಚ್ಚಬೇಕಾಗಿತ್ತು. ಮೈಕ್ ಬಂದ ಮೇಲೂ ಆ ಏರು ಇಳಿಯಲಿಲ್ಲ. ಎತ್ತರವೇ ಒಂದು ರುಚಿಯಾಗಿ, ಕ್ರಮೇಣ ಚಟವೂ ಆಯಿತು. 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಗುಂಡ್ಮಿ ಕಾಳಿಂಗ ನಾವಡರು ತಮ್ಮ ಮಿಂಚಿನ ಕಂಠದಿಂದ ಬಡಗಿನ ಹಾಡುಗಾರಿಕೆಯ ದಿಕ್ಕನ್ನೇ ತಿರುಗಿಸಿದರು. ಅವರ ‘ನಾಗಶ್ರೀ’ ಪ್ರಸಂಗಕ್ಕೆ ಡೇರೆ ತುಂಬುತ್ತಿತ್ತು. ಪೆರ್ಡೂರು ಮೇಳದ ಸುಬ್ರಹ್ಮಣ್ಯ ಧಾರೇಶ್ವರರು, 2024ರ ಏಪ್ರಿಲ್‌ನಲ್ಲಿ ಅಗಲಿದವರು, ಆ ಹೊಸ ದಾರಿಯನ್ನು ಇನ್ನಷ್ಟು ಅಗಲ ಮಾಡಿದರು. ವೇಷವಿಲ್ಲದೆ ಪದ್ಯಗಳನ್ನಷ್ಟೇ ಕೇಳಿಸುವ ‘ಗಾನವೈಭವ’ಗಳಿಗೆ ಜನ ನೆರೆಯುವಂತಾಯಿತು.

ನೆಬ್ಬೂರರು ಆ ಸ್ಪರ್ಧೆಗೆ ಇಳಿಯಲಿಲ್ಲ. ಅವರ ಬಲ ಗದಾಪರ್ವದಂಥ ಪ್ರಸಂಗದಲ್ಲಿ ಕಾಣುತ್ತಿತ್ತು. ಸೇನೆಯೆಲ್ಲ ಅಳಿದು ಕೌರವ ಒಬ್ಬನೇ ವೈಶಂಪಾಯನ ಸರೋವರದ ಕಡೆ ನಡೆಯುತ್ತಾನೆ. ಅಲ್ಲಿ ಗಂಟಲು ಏರಿಸಿದರೆ ಪಾತ್ರ ಕೆಟ್ಟಿತು. ಇಳಿಸಿ ಅತ್ತರೆ ಕೌರವ ಕೌರವನಾಗಿ ಉಳಿಯುವುದಿಲ್ಲ. ಸೋತವನ ಸೊಕ್ಕು, ಸೊಕ್ಕಿನವನ ದುಃಖ ಎರಡೂ ಒಂದೇ ಉಸಿರಿನಲ್ಲಿ ಬರಬೇಕು. ಭಾಮಿನಿ, ವಾರ್ಧಕ ಷಟ್ಪದಿಗಳಿಗೆ ತಾಳದ ಆಸರೆಯೂ ಇಲ್ಲ. ಚಂಡೆ ಸುಮ್ಮನಿರುತ್ತದೆ, ಶ್ರುತಿಯೊಂದೇ ಹಿಂದೆ. ಶಬ್ದವನ್ನು ಎಲ್ಲಿ ಒಡೆಯಬೇಕು, ಎಲ್ಲಿ ಕೂಡಿಸಬೇಕು ಎಂಬುದು ತಿಳಿಯದವರ ಬಂಡವಾಳ ಆ ನಾಲ್ಕಾರು ಸಾಲಿನಲ್ಲೇ ಬಯಲಾಗುತ್ತದೆ.

ಆಟ ಒಪೆರಾದಂತೆ ಎಂದುಕೊಂಡರೆ ತಾಳಮದ್ದಳೆ ಕಛೇರಿಯಂತೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಸೀಮೆಯಲ್ಲಿ ಮಳೆಗಾಲ ಹಿಡಿದರೆ ಮನೆಯಂಗಳ, ದೇವಸ್ಥಾನಗಳಲ್ಲಿ ಅರ್ಥಧಾರಿಗಳು ಎದುರುಬದುರು ಕೂರುತ್ತಾರೆ. ಕಿರೀಟವಿಲ್ಲ, ಗೆಜ್ಜೆಯಿಲ್ಲ. ಆಟದಲ್ಲಿ ಪದ್ಯ ಸ್ವಲ್ಪ ಸೊರಗಿದರೂ ಕುಣಿತ ಎತ್ತಿ ಹಿಡಿಯುತ್ತದೆ, ಇಲ್ಲಿ ಎತ್ತುವವರಿಲ್ಲ. ಒಂದು ಪದ್ಯಕ್ಕೆ ಅರ್ಧ ಗಂಟೆ ಅರ್ಥ ಹೇಳುವವರೂ ಉಂಟು. ಅಷ್ಟು ಹೊತ್ತು ಸುಮ್ಮನೆ ಕೂತು, ವಾದ ಎಲ್ಲಿಗೆ ಮುಟ್ಟಿದೆಯೋ ಅದೇ ಕಾವಿನಲ್ಲಿ ಮುಂದಿನ ಪದ್ಯದ ಎತ್ತುಗಡೆ ಮಾಡಬೇಕು. ಭಾಗವತರ ಅರ್ಧ ವಿದ್ಯೆ ಇರುವುದು ಆ ಕಾಯುವಿಕೆಯಲ್ಲಿ.

ಪಶ್ಚಿಮದಲ್ಲಿ ಶಬ್ದವನ್ನೇ ಮುಂದಿಟ್ಟು ಒಪೆರಾ, ಕಛೇರಿ ಎರಡೂ ಅಂಗಳವನ್ನು ಆಳಿದ ಬ್ಯಾರಿಟೋನ್ ಎಂದರೆ ಜರ್ಮನಿಯ ಡೀಟ್ರಿಶ್ ಫಿಷರ್-ಡೀಸ್ಕೌ. 1925ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಇವರು ಮಹಾಯುದ್ಧದಲ್ಲಿ ಸೆರೆಸಿಕ್ಕು, ಬಿಡುಗಡೆಯಾಗಿ ಬಂದು 1948ರಲ್ಲಿ ವರ್ಡಿಯ ‘ಡಾನ್ ಕಾರ್ಲೋಸ್’ ಮೂಲಕ ಒಪೆರಾ ರಂಗಕ್ಕೆ ಏರಿದರು. 1978ರಲ್ಲಿ ಮ್ಯೂನಿಕ್‌ನಲ್ಲಿ ಅರಿಬರ್ಟ್ ರೈಮನ್ ಅವರ ‘ಲಿಯರ್’ ಮೊದಲ ಪ್ರಯೋಗ ಕಂಡಾಗ, ಬಿರುಗಾಳಿಗೆ ಸಿಕ್ಕ ಆ ಮುದುಕ ರಾಜನೂ ಇವರೇ. ಕಛೇರಿಯ ಕಡೆ ಬಂದರೆ ಪಿಯಾನೊ ಒಂದೇ ಜೊತೆಗೆ. ಶೂಬರ್ಟ್‌ನ ನಾನೂರಕ್ಕೂ ಹೆಚ್ಚು ಹಾಡುಗಳನ್ನು ಜೆರಾಲ್ಡ್ ಮೂರ್ ಜೊತೆ ಧ್ವನಿಮುದ್ರಿಸಿದರು. 24 ಹಾಡುಗಳ ‘ವಿಂಟರ್‌ರೈಸ’ ಮಾಲೆಗೆ ಜೀವನವಿಡೀ ಮತ್ತೆ ಮತ್ತೆ ಮರಳಿದರು. ಒಪ್ಪದವರೂ ಇದ್ದರು, ಶಬ್ದಕ್ಕೆ ಒತ್ತು ಹೆಚ್ಚಾಗಿ ರಾಗದ ಹರಿವು ಕಡಿಯುತ್ತದೆ ಎಂಬುದು ಅವರ ದೂರು. ಗಾನವೈಭವದ ಅಭಿಮಾನಿಗಳು ಹಳೆಯ ಭಾಗವತಿಕೆಯ ಮೇಲೆ ಹೊರಿಸುವ ಆಪಾದನೆಯೂ ಹೆಚ್ಚುಕಡಿಮೆ ಇದೇ.

ನೆಬ್ಬೂರರು ಕಲಿಸಿದ್ದೂ ಇದೇ ಹಳೆಯ ಶೈಲಿಯನ್ನು. 1986ರಲ್ಲಿ ಗುಣವಂತೆಯಲ್ಲಿ ಶುರುವಾದ ಶ್ರೀಮಯ ಯಕ್ಷಗಾನ ರಂಗಕೇಂದ್ರದಲ್ಲಿ ಅವರು ಗುರುಗಳು. ಅಷ್ಟರಲ್ಲಿ ಇಡೀ ರಾತ್ರಿಯ ಆಟ ಎರಡೂವರೆ, ಮೂರು ತಾಸಿಗೆ ಇಳಿಯತೊಡಗಿತ್ತು. ಕಾಲಮಿತಿ ಆಟದಲ್ಲಿ ಯಾವ ಪದ್ಯ ಬಿಟ್ಟರೂ ಕಥೆ ಸಾಗುತ್ತದೆ, ಯಾವುದನ್ನು ಬಿಟ್ಟರೆ ಪಾತ್ರ ಸಾಯುತ್ತದೆ ಎಂದು ಅರಿತು ಕತ್ತರಿಸಬೇಕಾದವರು ಭಾಗವತರೇ.

ಅವರ ‘ನೆಬ್ಬೂರಿನ ನಿನಾದ’ ಎಂಬ ಆತ್ಮಕಥನ ಓದುಗರಿಗೆ ಸಿಗುತ್ತದೆ. ಕೆರೆಮನೆ ಮೇಳದ ಹಳೆಯ ಧ್ವನಿಮುದ್ರಣ ಕೈಗೆ ಸಿಕ್ಕರೆ ಚಂಡೆ ಏರುವ ಜಾಗ ದಾಟಿಸಿ ವಾರ್ಧಕಕ್ಕೆ ಬನ್ನಿ. ಪ್ರಸಂಗ ಪುಸ್ತಕ ಎದುರಿಗಿಲ್ಲದಿದ್ದರೂ ಅಕ್ಷರ ತಪ್ಪುವುದಿಲ್ಲ.

ಫಿಷರ್-ಡೀಸ್ಕೌ 1992ರ ಡಿಸೆಂಬರ್ 31ರ ರಾತ್ರಿ ಮ್ಯೂನಿಕ್‌ನಲ್ಲಿ ಕೊನೆಯ ಸಲ ಹಾಡಿ, ಅಲ್ಲಿಗೆ ಗಾಯನ ನಿಲ್ಲಿಸಿದರು. ವೇದಿಕೆ ಮಾತ್ರ ಬಿಡಲಿಲ್ಲ. ಮುಂದಿನ ವರ್ಷಗಳಲ್ಲಿ ಪಿಯಾನೊ ನುಡಿಯುತ್ತಿದ್ದಂತೆ ಅದರ ಪಕ್ಕ ನಿಂತು ಕಾವ್ಯ ವಾಚಿಸಿದರು. ಬಿಳಗಿ ಜಗಲಿಯ ಲೆಕ್ಕದಲ್ಲಿ, ಹಾಡುವುದನ್ನು ಬಿಟ್ಟು ಪದ್ಯ ಹೇಳುವುದನ್ನು ಇಟ್ಟುಕೊಂಡರು.