ಕಪ್ಪತ್ತಗುಡ್ಡಕ್ಕೆ ಎರವಲು ಹೆಸರೇಕೆ?

ಮುಂಗಾರು ನಾಲ್ಕು ಹನಿ ಹಾಕಿದರೆ ಸಾಕು, ಪುರವಣಿಗಳಲ್ಲಿ ಆ ಮೂರು ಪದ ಚಿಗುರುತ್ತವೆ: ಉತ್ತರ ಕರ್ನಾಟಕದ ಸಹ್ಯಾದ್ರಿ. ಜೊತೆಗೆ ಗುಡ್ಡದ ಮೇಲಿನ ಗಾಳಿಗುಂಡಿಯಲ್ಲಿ ಮೋಡ ತೇಲುವ ಒಂದು ಚಿತ್ರ, ಗಾಳಿಯಂತ್ರದ ಕೆಳಗೆ ನಿಂತ ಹುಡುಗರ ಇನ್ನೊಂದು ಚಿತ್ರ. ಗದಗದಿಂದ ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳವರೆಗೆ ಚಾಚಿಕೊಂಡ ಕಪ್ಪತ್ತಗುಡ್ಡದ ಬಗ್ಗೆ ಇಷ್ಟು ವರ್ಷ ಬಂದ ಬರಹಗಳಲ್ಲಿ ಮುಕ್ಕಾಲು ಪಾಲು ಈ ಮೂರು ಪದಗಳ ವಿಸ್ತರಣೆಯೇ. ಈ ಹೊಗಳಿಕೆ ಗುಡ್ಡಕ್ಕೆ ಒಳ್ಳೆಯದು ಮಾಡಿಲ್ಲ.

ಗುಡ್ಡ ಹತ್ತುವ ಮುನ್ನ ಊರೊಳಗಿನ ಉದ್ಯಾನಗಳ ಮಾತನ್ನು ಬೇಗ ಮುಗಿಸಿಬಿಡುತ್ತೇನೆ. ಗದಗ–ಬೆಟಗೇರಿಯ ಹೊಸ ಬಡಾವಣೆಗಳಲ್ಲಿ ಉದ್ಯಾನವೆಂದರೆ ಒಂದು ಫಲಕ, ಒಂದು ತಂತಿಬೇಲಿ, ಒಳಗೆ ಎದೆಯೆತ್ತರದ ಕಾಂಗ್ರೆಸ್ ಹುಲ್ಲು. ನಮ್ಮ ಓಣಿಯ ಉದ್ಯಾನದ ಗೇಟಿಗೆ ಹಾಕಿದ ಬೀಗದ ಕೀಲಿ ಯಾರ ಹತ್ತಿರ ಇದೆಯೆಂದು ಎರಡು ವರ್ಷ ಕೇಳಿ ಕೈಬಿಟ್ಟೆ. ಭೀಷ್ಮಕೆರೆಯಲ್ಲಿ 116 ಅಡಿಯ ಬಸವಣ್ಣನ ಪ್ರತಿಮೆಯ ಪಕ್ಕದಲ್ಲಿ ನೀರು, ಹಕ್ಕಿ, ಸಂಜೆ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಬಿಂಕದಕಟ್ಟಿಯ ಕಿರು ಮೃಗಾಲಯಕ್ಕೆ ಮಕ್ಕಳನ್ನು ಕರೆದೊಯ್ಯಬಹುದು. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ, ಅಂದರೆ ಹುಲಿಯ ಕೆರೆ. ಆ ಸೀಮೆಯವರು ಈಗ ಹುಲಿ ನೋಡಬೇಕೆಂದರೆ ಬಿಂಕದಕಟ್ಟಿಯ ಜಾಲರಿಯ ಮುಂದೆಯೇ ನಿಲ್ಲಬೇಕು. ಇರಲಿ.

ಮತ್ತೆ ಆ ಮೂರು ಪದಕ್ಕೆ ಬರುತ್ತೇನೆ. ಅಲಂಕಾರಶಾಸ್ತ್ರದ ಮೊದಲ ಪಾಠ ಓದಿದವರಿಗೂ ಗೊತ್ತು, ಉಪಮೆಯಲ್ಲಿ ಉಪಮಾನ ಉಪಮೇಯಕ್ಕಿಂತ ಹೆಚ್ಚಿನದು. ಮುಖ ಚಂದ್ರನಂತೆ ಎಂದಾಗ ಬೆಳಕಿನ ಅಳತೆಗೋಲು ಚಂದ್ರನ ಕೈಯಲ್ಲಿರುತ್ತದೆ. ಕಪ್ಪತ್ತಗುಡ್ಡವನ್ನು ಸಹ್ಯಾದ್ರಿ ಎಂದ ಕ್ಷಣವೇ ಅಳತೆಗೋಲು ಆಗುಂಬೆಗೆ ಹೋಯಿತು. ಅಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟುವ ಮಳೆ, ನಮ್ಮಲ್ಲಿ 600–700ರ ಆಸುಪಾಸು. ಆ ಗೋಲಿನಲ್ಲಿ ಅಳೆದರೆ ನಮ್ಮ ಗುಡ್ಡ ಆಗಸ್ಟ್, ಸೆಪ್ಟೆಂಬರಿನಲ್ಲಿ ಹೇಗೋ ಪಾಸಾಗಿ ಉಳಿದ ಹತ್ತು ತಿಂಗಳು ಫೇಲಾಗುತ್ತದೆ. ಇನ್ನು ‘ಉತ್ತರ ಕರ್ನಾಟಕದ’ ಎಂಬ ವಿಶೇಷಣವನ್ನು ನೋಡಿ. ಅದು ಮೆಚ್ಚುಗೆಯಲ್ಲ, ರಿಯಾಯಿತಿ. ನಿಮ್ಮ ಕಡೆಗೆ ಇದೇ ಸಹ್ಯಾದ್ರಿ, ಇಷ್ಟರಲ್ಲೇ ತೃಪ್ತಿಪಡಿ ಎಂಬ ದನಿ ಅದರಲ್ಲಿದೆ. ವೀರನಾರಾಯಣನ ಗುಡಿಯಲ್ಲಿ ಕೂತು ಬರೆದ ಕುಮಾರವ್ಯಾಸನನ್ನು ರೂಪಕ ಸಾಮ್ರಾಜ್ಯದ ಚಕ್ರವರ್ತಿ ಎಂದು ಕರೆಯುವ ಊರಿನ ಗುಡ್ಡಕ್ಕೆ ಇಂಥ ಸೋಮಾರಿ ರೂಪಕ ಗಂಟುಬಿದ್ದಿದೆ.

ನಮ್ಮ ಹಳ್ಳಿಗಳ ಹಿರಿಯರು ಇಷ್ಟು ಸೋಮಾರಿಗಳಾಗಿರಲಿಲ್ಲ. ಎಪ್ಪತ್ತು ಗಿರಿ ಸುತ್ತುವುದಕ್ಕಿಂತ ಕಪ್ಪತ್ತಗಿರಿಯೊಂದನ್ನು ನೋಡು ಎಂಬ ಅರ್ಥದ ಗಾದೆ ಅವರದು. ಇದು ವ್ಯತಿರೇಕ: ಉಪಮೇಯವೇ ಉಪಮಾನವನ್ನು ಮೀರಿ ನಿಲ್ಲುವ ಅಲಂಕಾರ. ಆ ಗಾದೆಯಲ್ಲಿ ಗುಡ್ಡ ಯಾರ ಹಂಗಿನಲ್ಲೂ ಇಲ್ಲ. ಗಾದೆಯಿಂದ ಪುರವಣಿಗೆ ಬರುವಷ್ಟರಲ್ಲಿ ನಾವು ವ್ಯತಿರೇಕದಿಂದ ಉಪಮೆಗೆ ಇಳಿದಿದ್ದೇವೆ.

ಪದದ ಜಗಳವನ್ನು ಇಷ್ಟು ಎಳೆಯಬೇಕೇ ಎನ್ನುವವರಿಗೆ: ಎಳೆಯಬೇಕು. ಯಾಕೆಂದರೆ ಪದ ಹೇಳಿದಂತೆ ಕಣ್ಣು ನೋಡುತ್ತದೆ, ಕಣ್ಣು ನೋಡಿದಂತೆ ಕೈ ಗುದ್ದಲಿ ಹಿಡಿಯುತ್ತದೆ. ಸಹ್ಯಾದ್ರಿ ಹುಡುಕಿಕೊಂಡು ಹೋದವನಿಗೆ ಹುಲ್ಲು ಕಾಡಿನಂತೆ ಕಾಣುವುದಿಲ್ಲ, ಕಾಡು ಹಾಳಾಗಿ ಉಳಿದ ಖಾಲಿ ಜಾಗದಂತೆ ಕಾಣುತ್ತದೆ. ಆಗ ವನಮಹೋತ್ಸವದ ಭಾಷಣಕಾರರಿಗೆ ಅಲ್ಲಿ ಸಸಿ ನೆಡುವ ಹಂಬಲ ಹುಟ್ಟುತ್ತದೆ. ಆದರೆ ಈ ಗುಡ್ಡದ ಜೀವ ಇರುವುದೇ ಆ ಬಯಲಿನಲ್ಲಿ. ತೋಳಕ್ಕೆ ಓಡಲು ಬಯಲು ಬೇಕು. ಕೊಂಡಕುರಿಗೆ ಮರಿ ಅಡಗಿಸಲು ಎತ್ತರದ ಹುಲ್ಲು ಬೇಕು. ಕತ್ತೆಕಿರುಬಕ್ಕೆ ಬಂಡೆಯ ಸಂದು ಬೇಕು. ಮಾರ್ಚ್ ತಿಂಗಳಲ್ಲಿ ಒಮ್ಮೆ ಡೋಣಿಯ ಕಡೆಯಿಂದ ಹತ್ತಿದ್ದೆ. ದಿಂಡಲದ ಮರಗಳಲ್ಲಿ ಒಂದೆಲೆ ಇರಲಿಲ್ಲ. ಬಾದೆಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು. ಗಾಳಿ ಬೀಸಿದಾಗ ಇಳಿಜಾರು ಪೂರ್ತಿ ಒಂದೇ ದಿಕ್ಕಿಗೆ ಮಲಗಿ ಮತ್ತೆ ಏಳುತ್ತಿತ್ತು. ಕಾರಿ, ಬಾರಿ, ಕವಳಿಯ ಮುಳ್ಳು ಧೋತರಕ್ಕೆ ಸಿಕ್ಕಿಕೊಂಡವು. ನೆರಳು ಎಂಬುದು ಬಂಡೆಯ ಬುಡದಲ್ಲಿ ಒಂದು ಮೊಳ ಮಾತ್ರ. ಅಷ್ಟು ಚೆಲುವಾದ ಕಪ್ಪತ್ತಗುಡ್ಡವನ್ನು ನಾನು ಯಾವ ಮಳೆಗಾಲದಲ್ಲೂ ನೋಡಿಲ್ಲ. ಆ ತಿಂಗಳ ಚಿತ್ರವನ್ನು ಒಂದು ಪುರವಣಿಯೂ ಅಚ್ಚು ಹಾಕಿದ್ದು ಕಾಣೆ.

ಗೆಳೆಯರೊಬ್ಬರು ಇದಕ್ಕೆ ಒಪ್ಪುವುದಿಲ್ಲ. ಸಹ್ಯಾದ್ರಿ ಎಂದು ಕೂಗಿದ್ದರಿಂದಲೇ ಬೆಂಗಳೂರಿಗೆ ಕೇಳಿಸಿತು, ಇಲ್ಲದಿದ್ದರೆ ಈ ಗುಡ್ಡದಲ್ಲಿ ಚಿನ್ನದ ಗಣಿ ಎಂದೋ ಬಾಯಿ ತೆರೆಯುತ್ತಿತ್ತು ಎಂಬುದು ಅವರ ವಾದ. ವಾದದಲ್ಲಿ ಹುರುಳಿಲ್ಲವೆನ್ನಲಾರೆ, ಆದರೆ ಇತಿಹಾಸ ಬೇರೆ ಹೇಳುತ್ತದೆ. 2011ರಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡೆವು ಎಂದ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ರೈತರು ಯಾವ ಉಪಮೆಯನ್ನೂ ಬಳಸಲಿಲ್ಲ. ನಮ್ಮ ಎರಿ ಹೊಲ ಕೊಡುವುದಿಲ್ಲ ಎಂದರು, ಅಷ್ಟೇ. ಗುಡ್ಡಕ್ಕೆ 2015ರಲ್ಲಿ ಸಿಕ್ಕ ಸಂರಕ್ಷಿತ ಮೀಸಲು ಪ್ರದೇಶದ ಸ್ಥಾನವನ್ನು ಸರ್ಕಾರ ಮರುವರ್ಷ ಹಿಂತೆಗೆದುಕೊಂಡಾಗ ಬೀದಿಗಿಳಿದವರು ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ. 2017ರಲ್ಲಿ ಆ ಸ್ಥಾನ ಮರಳಿತು. 2019ರಲ್ಲಿ 244 ಚದರ ಕಿ.ಮೀ. ವನ್ಯಜೀವಿಧಾಮವಾಯಿತು. ಅದನ್ನು ನೋಡಲು ಸ್ವಾಮೀಜಿ ಇರಲಿಲ್ಲ. ಹಿಂದಿನ ಅಕ್ಟೋಬರಿನಲ್ಲೇ ಲಿಂಗೈಕ್ಯರಾಗಿದ್ದರು. ಗುಡ್ಡ ಉಳಿಸಿದ್ದು ಅದರ ಮಣ್ಣು ತುಳಿದವರು, ಹೋಲಿಕೆ ಕಟ್ಟಿದವರಲ್ಲ.

ಇದೇ ಸಾಲಿಗೆ ಸೇರುವ ಇನ್ನೊಂದು ಪಂಗಡ ಔಷಧಿ ಸಸ್ಯಗಳ ಲೆಕ್ಕದವರದು. ಒಂದು ವೇದಿಕೆಯಲ್ಲಿ ಮುನ್ನೂರು ಜಾತಿ, ಇನ್ನೊಂದರಲ್ಲಿ ಐನೂರು. ಮಂಡಿನೋವಿಗೆ ಮದ್ದು ಕೊಟ್ಟರೆ ಮಾತ್ರ ಗಿಡಕ್ಕೆ ಬದುಕುವ ಹಕ್ಕು ಎಂಬಂತೆ ಮಾತಾಡುವ ಇವರಿಗೂ ಗಣಿಯವರಿಗೂ ನನಗೆ ಕಾಣುವ ಅಂತರ ಸಣ್ಣದು. ಇಬ್ಬರೂ ಗುಡ್ಡದೊಳಗಿನ ಸರಕಿನ ಬೆಲೆ ಕಟ್ಟುವವರೇ.

ಹಾಗಾದರೆ ಈ ಸೀಮೆಯಲ್ಲಿ ಸರಿಯಾಗಿ ನೋಡಲು ಕಲಿಸುವ ಜಾಗ ಯಾವುದು? ನನ್ನ ಉತ್ತರ ಮಾಗಡಿ ಕೆರೆ. ಶಿರಹಟ್ಟಿಯಿಂದ ಎಂಟು, ಲಕ್ಷ್ಮೇಶ್ವರದಿಂದ ಹನ್ನೊಂದು ಕಿ.ಮೀ. ಹೊಲಕ್ಕೆ ನೀರುಣಿಸಲು ಮನುಷ್ಯರೇ ಕಟ್ಟಿದ, ಐವತ್ತು ಹೆಕ್ಟೇರ್ ಚಿಲ್ಲರೆಯ ಮಾಮೂಲಿ ಕೆರೆ. ಅಲ್ಲಿ ಹೋಲಿಸಲು ಏನೂ ಇಲ್ಲ. ಬೆಟ್ಟವಿಲ್ಲ, ಮಂಜಿಲ್ಲ, ಕಾಡಂತೂ ಇಲ್ಲವೇ ಇಲ್ಲ. ನವೆಂಬರಿನಿಂದ ಮಾರ್ಚ್‌ವರೆಗೆ ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಹಗಲೆಲ್ಲ ಅದರ ನೀರಿನ ಮೇಲೆ ತೂಕಡಿಸುತ್ತವೆ. 2024ರಲ್ಲಿ ಇದು ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಎನಿಸಿಕೊಂಡಾಗ 166 ಜಾತಿಯ ಹಕ್ಕಿಗಳ ಪಟ್ಟಿ ಎಲ್ಲೆಡೆ ಅಚ್ಚಾಯಿತು. ಪಟ್ಟಿ ಸರಿಯೇ ಇರಬಹುದು. ಅದರಲ್ಲಿ ಬಿಟ್ಟುಹೋದದ್ದು ಕೆರೆಯ ಆಚೆಗಿನ ಹೊಲ. ಹೊತ್ತು ಮುಳುಗುವಾಗ ಹಿಂಡು ಎದ್ದು ಹೋಗುವುದು ಆ ಶೇಂಗಾ, ಕಡಲೆ ಹೊಲಗಳಿಗೆ ತಾನೇ?

ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಹಿರಿಯರನ್ನು ಕೇಳಿದೆ, ಬೆಳೆ ಹಾಳಾಗುವುದಿಲ್ಲವೇ ಎಂದು.

“ತಿಂತಾವ್ರಿ, ಯಾಕ ತಿನ್ನಂಗಿಲ್ಲ? ಕಡ್ಲಿ ಚಿಗುರು ಒಂದೂ ಬಿಡಂಗಿಲ್ಲ. ಹಿಕ್ಕಿ ಹಾಕಿ ಹೋಗ್ತಾವು, ಗೊಬ್ಬರ ಆಗತೈತಿ ಅಂತಾರ. ಲೆಕ್ಕ ಹಚ್ಚಿದ್ರ ಲುಕ್ಸಾನ ನಮಗಾ. ಆದ್ರ ಅಷ್ಟು ದೂರದಿಂದ ಬಂದಾವು, ಓಡಿಸಿದ್ರ ಎಲ್ಲಿಗಿ ಹೋಗ್ಬೇಕ್ರಿ?”

ಲುಕ್ಸಾನ ತಮಗೇ ಎಂದು ಗೊತ್ತಿದ್ದೂ ಓಡಿಸದ ಈ ಜನ ರಾಮ್ಸಾರ್ ಫಲಕದಲ್ಲಿ ಎಲ್ಲೂ ಇಲ್ಲ. ಮಾಗಡಿಯ ಹಕ್ಕಿಗಳ ಬಗ್ಗೆ ಬರೆದವರೂ ದುರ್ಬೀನನ್ನು ನೀರಿನತ್ತ ಹಿಡಿದಷ್ಟು ಹೊಲದತ್ತ ಹಿಡಿದಿಲ್ಲ.

ಮಾಗಡಿಗೆ ಹೋಗುವವರು ಜನವರಿಯಲ್ಲಿ, ಹೊತ್ತು ಮುಳುಗಲು ಅರ್ಧ ತಾಸು ಇರುವಾಗ ಏರಿಯ ಮೇಲಿರಿ. ಕಪ್ಪತ್ತಗುಡ್ಡಕ್ಕೆ ಮಾರ್ಚಿನಲ್ಲಿ ಹೋಗಿ. ಕುಡಿಯುವ ನೀರು ಹೆಚ್ಚಿಗೆ ಒಯ್ಯಿರಿ. ಬೆಂಕಿಪೊಟ್ಟಣ ಮನೆಯಲ್ಲೇ ಬಿಟ್ಟು ಬನ್ನಿ. ಬಾದೆಹುಲ್ಲಿಗೆ ಒಂದು ಬೀಡಿ ತುಂಡು ಸಾಕು.