ಕಟ್ ಮಾಡಿದರೆ ಮುಗಿಯಿತೇ?

ಧಮ್ಕಿ ಫೋನ್ ಬಂದರೆ ನವಿ ಮುಂಬಯಿಯ ತುರ್ಭೆಯಲ್ಲಿ ಸಿಗುವ ಬುದ್ಧಿವಾದ ಒಂದೇ: 'ಕಟ್ ಮಾಡು, ಬ್ಲಾಕ್ ಮಾಡು, ತಲೆ ಕೆಡಿಸಿಕೊಳ್ಳಬೇಡ.' ಎಪಿಎಂಸಿ ಮಾರುಕಟ್ಟೆಯ ಗಾಳಾದ (ಮಳಿಗೆಯ) ಸೇಠ್ ಹೇಳುವುದೂ ಇದನ್ನೇ, ಎಂಐಡಿಸಿ ಕೈಗಾರಿಕಾ ಪ್ರದೇಶದ ಮ್ಯಾನೇಜರ್ ಹೇಳುವುದೂ ಇದನ್ನೇ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆ ಬೇರೆ. ಮುಂಬಯಿಯಲ್ಲಿ ಈ ಗಾದೆಯನ್ನು ನಂಬುವುದು ಕಷ್ಟ. 1997ರ ಆಗಸ್ಟ್ 12ರಂದು ಅಂಧೇರಿಯ ಗುಡಿಯ ಹೊರಗೆ ಗುಂಡಿಗೆ ಬಲಿಯಾದ ಕ್ಯಾಸೆಟ್ ಉದ್ಯಮಿ ಗುಲ್ಶನ್ ಕುಮಾರ್ ಅವರಿಗೂ ಅದಕ್ಕೆ ಮೊದಲು ಹಣಕ್ಕಾಗಿ ಬೆದರಿಕೆ ಬಂದಿತ್ತೆಂದು ಪೊಲೀಸರೇ ಹೇಳಿದ್ದರು.

ನಮ್ಮ ಹೋಟೆಲಿನವರಿಗಂತೂ ಇದು ಪರಕೀಯ ಕಥೆಯಲ್ಲ. ವಿದೇಶದಲ್ಲಿ ಕೂತು ಬಿಲ್ಡರ್, ಹೋಟೆಲ್, ಸಿನಿಮಾದವರಿಗೆ ಹಫ್ತಾ ಫೋನ್ ಮಾಡಿದ ಆರೋಪ ಹೊತ್ತ ರವಿ ಪೂಜಾರಿ ನಮ್ಮದೇ ಕರಾವಳಿಯ ಮಲ್ಪೆ ಮೂಲದವನು. 2020ರ ಫೆಬ್ರವರಿಯಲ್ಲಿ ಅವನನ್ನು ಸೆನೆಗಲ್‌ನಿಂದ ಬೆಂಗಳೂರಿಗೆ ತಂದರು. ಬ್ಲಾಕ್ ಮಾಡಿಯೂ ಪ್ರಯೋಜನವಿಲ್ಲ: ಇಂಟರ್ನೆಟ್‌ನಿಂದ ಬರುವ ಕರೆಯ ಒಂದು ನಂಬರ್ ಬ್ಲಾಕ್ ಮಾಡಿದರೆ ಇನ್ನೊಂದರಿಂದ ಬರುತ್ತದೆ, ಅಷ್ಟೆ.

ನನ್ನ ಮುಖ್ಯ ತಕರಾರು ಬೇರೆ. ಬಿಲ್ಲಿನ ಮೇಲೆ ಅಚ್ಚಾಗಿರುವುದು ಸೇಠ್‌ನ ಮೊಬೈಲ್ ಅಲ್ಲ, ಗಲ್ಲಾದ ಫೋನ್. ಎತ್ತುವವನು ಊರಿನಿಂದ ಬಂದ ಹುಡುಗ. 'ಸೇಠ್ ಎಷ್ಟು ಗಂಟೆಗೆ ಮನೆಗೆ ಹೋಗ್ತಾನೆ?' ಎಂದು ಆ ಕಡೆಯವನು ಗದರಿಸಿದರೆ ಹೆದರಿ ಹೇಳಿಬಿಡುತ್ತಾನೆ. ಇಲ್ಲವೇ ಕಟ್ ಮಾಡಿ, ಸೇಠ್‌ನಿಂದ ಬೈಗುಳ ತಿಂದೇನೆಂದು ಸುಮ್ಮನಾಗುತ್ತಾನೆ. ಅವನಿಗೆ ಯಾರಾದರೂ ಇಷ್ಟನ್ನು ಕಲಿಸಿದ್ದಾರೆಯೇ? ವಾದಿಸಬೇಡ, ಸೇಠ್ ಎಲ್ಲಿದ್ದಾರೆಂದು ಹೇಳಬೇಡ, ಆರ್ಡರ್ ಪ್ಯಾಡಿನ ಹಿಂಬದಿಯಲ್ಲೇ ಸಮಯ, ನಂಬರ್, ಆ ಕಡೆಯವನಾಡಿದ ಮಾತನ್ನು ಆಡಿದಂತೆಯೇ ಬರೆ, ಬೈಗುಳವನ್ನೂ ಬಿಡಬೇಡ. ಬಾಂಬ್ ಎಂದರೆ ಎಲ್ಲಿ, ಎಷ್ಟು ಹೊತ್ತಿಗೆ ಎಂದು ಕೇಳು, ಕೂಡಲೇ 112ಕ್ಕೆ ತಿಳಿಸು. ರೆಕಾರ್ಡಿಂಗ್ ಅಳಿಸಬೇಡ.

ದೂರು ಕೊಡಲು ಕಾನೂನೂ ಇದೆ: ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂ ಸುಲಿಗೆಗೆ, 351 ಬೆದರಿಕೆಗೆ. ಹೆಸರು ಮರೆಮಾಚಿ ಬೆದರಿಸಿದರೆ ಹೆಚ್ಚುವರಿಯಾಗಿ ಎರಡು ವರ್ಷದವರೆಗೆ ಸಜೆ. ಘಟನೆ ಯಾವ ಹದ್ದಿನಲ್ಲೇ ನಡೆದಿರಲಿ, ಯಾವ ಠಾಣೆಯಲ್ಲೂ ದೂರು ಕೊಡಬಹುದು.

ಠಾಣೆಗೆ ಹೋದರೆ ಹೆಸರು ಪೇಪರಿಗೆ ಬರುತ್ತದೆ, ಗಿರಾಕಿ ತಪ್ಪುತ್ತದೆ, ಕೋರ್ಟಿಗೆ ಅಲೆದಾಟ ಎನ್ನುತ್ತಾರೆ. ಸುಳ್ಳಲ್ಲ. ಆದರೆ ಆ ಅಂಜಿಕೆ ಮಾಲೀಕನದು. ಅದಕ್ಕಾಗಿ ರಾತ್ರಿ ಶಟರ್ ಎಳೆದು ಒಬ್ಬನೇ ರೂಮಿಗೆ ನಡೆಯುವ ಹುಡುಗನ ಬಾಯಿ ಮುಚ್ಚಿಸುವುದು ಯಾವ ನ್ಯಾಯ? ಫೋನ್ ಎತ್ತಿದವನು ಸಾಕ್ಷಿ ಮಾತ್ರ. ದೂರಿಗೆ ಸಹಿ ಹಾಕಬೇಕಾದವರು ಸೇಠ್.