ವಿಮಾನಕ್ಕೆ ಹೆಸರಿದೆ, ಪಕ್ಕದಲ್ಲಿ ನಿಂತವರಿಗೆ?

ಶಾರ್ಜಾ ಅಂದ ಕೂಡಲೇ ನಿಮಗೇನು ನೆನಪಾಗುತ್ತೆ? ಕ್ರಿಕೆಟ್, ಇಲ್ಲಾ ದುಬೈ ಪಕ್ಕದ ಬಾಡಿಗೆ ಮನೆಗಳು, ಅಲ್ಲವೇ? ಅದೇ ಊರಿನ 1930ರ ದಶಕದ ಕಪ್ಪುಬಿಳುಪು ಫೋಟೋಗಳನ್ನು ಒಮ್ಮೆ ನನ್ನ ಜೊತೆ ನೋಡಿ. ಬರೀ ಮರಳಿನ ಬಯಲು. ಅದರ ಮೇಲೆ ನಾಲ್ಕು ಎಂಜಿನ್‌ಗಳ, ಜೋಡಿ ರೆಕ್ಕೆಯ ದೈತ್ಯ ವಿಮಾನ. ಹಿಂದೆ ಕೋಟೆಯಂಥ ಕಟ್ಟಡ. ಅಂಚಿನಲ್ಲೆಲ್ಲೋ ಬಂದೂಕು ಹಿಡಿದ ಕಾವಲುಗಾರರು.

ಹಿನ್ನೆಲೆ ಸ್ವಲ್ಪ ಹೇಳಬೇಕು. ಬ್ರಿಟಿಷರ ಇಂಪೀರಿಯಲ್ ಏರ್‌ವೇಸ್ 1929ರಲ್ಲಿ ಲಂಡನ್–ಕರಾಚಿ ಸೇವೆ ಶುರುಮಾಡಿತು. ಮೊದಲು ವಿಮಾನಗಳು ಪರ್ಷಿಯಾದ ಕರಾವಳಿಯಲ್ಲಿ ಇಳಿಯುತ್ತಿದ್ದವು. ಅಲ್ಲಿನ ಅನುಮತಿ ಮುಗಿದಾಗ ದಾರಿಯನ್ನು ಕೊಲ್ಲಿಯ ಅರಬ್ ದಡಕ್ಕೆ ಬದಲಿಸಬೇಕಾಯಿತು. 1932ರಲ್ಲಿ ಶೇಖ್ ಸುಲ್ತಾನ್ ಬಿನ್ ಸಖರ್ ಒಪ್ಪಂದಕ್ಕೆ ಸಹಿ ಹಾಕಿದರು. ಅಕ್ಟೋಬರ್‌ನಲ್ಲಿ ಮೊದಲ ವಿಮಾನ ಇಳಿಯಿತು. ಗಂಟೆಗೆ ಸುಮಾರು 160 ಕಿಲೋಮೀಟರ್ ವೇಗದ ವಿಮಾನ ಅದು. ದಾರಿಯಲ್ಲಿ ಎಣ್ಣೆ ಬೇಕು, ಪ್ರಯಾಣಿಕರಿಗೆ ರಾತ್ರಿ ನಿದ್ದೆ ಬೇಕು. ಅದಕ್ಕಾಗಿ ಕಟ್ಟಿದ್ದೇ ಆ ಕೋಟೆ. ಜನ ಅದನ್ನು ‘ಮಹತ್ತಾ’ ಅಂದರು, ಅಂದರೆ ನಿಲ್ದಾಣ. ಇವತ್ತು ಅದೊಂದು ಮ್ಯೂಸಿಯಂ.

ಫೋಟೋಗಳು ಚೆನ್ನಾಗಿಲ್ಲ ಅಂತ ನಾನು ಹೇಳಲಾರೆ. ಆ ಬಯಲಿನ ಬೆಳಕು, ವಿಮಾನದ ಎದುರು ಮನುಷ್ಯನ ಪುಟ್ಟ ಆಕಾರ ಕಣ್ಣನ್ನು ಹಿಡಿದು ನಿಲ್ಲಿಸುತ್ತವೆ. ತಕರಾರು ಇರುವುದು ಕೆಳಗಿನ ಬರಹದಲ್ಲಿ. ವಿಮಾನಗಳಿಗೆ ಹೆಸರಿದೆ: ಹ್ಯಾನೋ, ಹ್ಯಾನಿಬಾಲ್. ಕಾರ್ಥೇಜ್‌ನ ಹಳೆಯ ವೀರರ ಹೆಸರುಗಳು. ಪಕ್ಕದಲ್ಲಿ ನಿಂತವನಿಗೆ? ಹೆಚ್ಚೆಂದರೆ ‘ಅರಬ್ ಕಾವಲುಗಾರ’. ಉರ್ದುವಿನಲ್ಲಿ ಇಂಥವರಿಗೆ ನಾವು ಗುಮ್‌ನಾಮ್ ಅನ್ನುತ್ತೇವೆ, ಹೆಸರು ಕಳೆದುಹೋದವರು. ಆದರೆ ಇವರ ಹೆಸರು ಕಳೆದುಹೋಗಿಲ್ಲ, ಯಾರೂ ಕೇಳಲೇ ಇಲ್ಲ.

ಇನ್ನೊಂದು ವಿಷಯ ಗಮನಿಸಿ. ಇಂಥ ಫೋಟೋಗಳಲ್ಲಿ ಕ್ಯಾಮೆರಾ ವಿಮಾನದ ಕಡೆಗೆ ಮುಖ ಮಾಡಿದೆ, ಊರಿಗೆ ಬೆನ್ನು ಹಾಕಿದೆ. ಹಾಗಾಗಿ ಶಾರ್ಜಾ ಯಾರೂ ಇಲ್ಲದ ಮರಳುಗಾಡಿನಂತೆ ಕಾಣುತ್ತೆ. ನಿಜದಲ್ಲಿ ಹತ್ತಿರವೇ ಹಿನ್ನೀರಿನ ದಡದ ಊರಿತ್ತು, ಬಜಾರಿತ್ತು, ಮುತ್ತು ತೆಗೆಯಲು ಸಮುದ್ರಕ್ಕೆ ಮುಳುಗುವವರಿದ್ದರು. ಜಪಾನಿನ ಕೃಷಿ ಮುತ್ತು, ಜಗತ್ತಿನ ಆರ್ಥಿಕ ಕುಸಿತ ಎರಡೂ ಸೇರಿ ಅವರ ಕಸುಬು ಮುರಿದುಬಿದ್ದ ಕಾಲ ಅದು. ವಿಮಾನ ಕಂಪನಿಯ ಬಾಡಿಗೆ ಬಂದದ್ದು ಅಂಥ ಹೊತ್ತಿನಲ್ಲಿ. ಆಗ ಅಲ್ಲಿ ಓಡುತ್ತಿದ್ದ ನಾಣ್ಯವೂ ನಮ್ಮ ರೂಪಾಯಿಯೇ. ಇದ್ಯಾವುದೂ ಚೌಕಟ್ಟಿನೊಳಗೆ ಇಲ್ಲ. 1937ರ ‘ಏರ್ ಔಟ್‌ಪೋಸ್ಟ್’ ಎಂಬ ಸಾಕ್ಷ್ಯಚಿತ್ರ ಇದೇ ನಿಲ್ದಾಣದ ಒಂದು ದಿನವನ್ನು ತೋರಿಸುತ್ತದೆ. ಅದರ ಹೆಸರನ್ನೇ ನೋಡಿ: ಹೊರಠಾಣೆ. ಯಾರಿಗೆ ಹೊರಗೆ? ಅಲ್ಲಿ ಹುಟ್ಟಿದವನಿಗೆ ಅದು ಮನೆ.

ಬ್ರಿಟಿಷರನ್ನು ಬೈದು ಮುಗಿಸುವುದು ಸುಲಭ. ಆದರೆ ನಮ್ಮ ಕಥೆಯನ್ನು ನಾವು ಹೇಗೆ ಹೇಳುತ್ತೇವೆ? ಅದೇ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಬೊಂಬಾಯಿಗೆ ಟಪಾಲು ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿ ಮೇಲೆ ಮದ್ರಾಸಿಗೆ ಒಯ್ದರು. ಶಾರ್ಜಾದ ಮರಳಿನಿಂದ ಬಳ್ಳಾರಿಯ ಬಯಲಿನವರೆಗೆ ಒಂದೇ ಟಪಾಲಿನ ದಾರಿ! ನಡುವೆ ಅಹಮದಾಬಾದಿನಲ್ಲಿ ವಿಮಾನಕ್ಕೆ ಎಣ್ಣೆ ಡಬ್ಬ ಬಂದದ್ದು ಎತ್ತಿನ ಗಾಡಿಯಲ್ಲಿ. ಗಾಡಿಯ ಕಥೆಯನ್ನು ನಾವು ನಗುತ್ತಾ ಹೇಳುತ್ತೇವೆ. ಗಾಡಿ ಹೊಡೆದವನ ಹೆಸರು? ನಾವೂ ಕೇಳಲಿಲ್ಲ.

ನಮ್ಮ ಎಷ್ಟೋ ಮನೆಗಳ ಆಲ್ಬಮ್‌ನಲ್ಲಿ ಕೊಲ್ಲಿಯ ಫೋಟೋ ಒಂದಾದರೂ ಇರುತ್ತೆ. ನಮ್ಮ ಮಾಮೂದೂ ಇದೆ: ಯಾರದೋ ಬಿಳಿ ಕಾರಿಗೆ ಒರಗಿ ನಿಂತಿದ್ದಾರೆ. ಕಾರಿನ ಕಂಪನಿ ಯಾವುದೆಂದು ಮಕ್ಕಳೆಲ್ಲ ಥಟ್ಟನೆ ಹೇಳುತ್ತಾರೆ. ಮಾಮೂ ಪಕ್ಕದಲ್ಲಿ ನಗುತ್ತಿರುವವರು ಯಾರೆಂದು ಮೊನ್ನೆ ಕೇಳಿದೆ. ಆರು ವರ್ಷ ಒಂದೇ ಕೋಣೆಯಲ್ಲಿ ಮಲಗಿದವರಂತೆ. ಹೆಸರು ಹೇಳಿದರು. ಪೆನ್ಸಿಲ್‌ನಲ್ಲಿ ಹಿಂದೆ ಬರೆದಿಟ್ಟಿದ್ದೇನೆ. ಹೇಳುವವರು ಇರುವಾಗಲೇ ನೀವೂ ನಿಮ್ಮ ಆಲ್ಬಮ್ ತೆಗೆಯಿರಿ.